ಕಾಡು ಕಾಯ್ದ ವರ್ಷಗಳು ಯಾರ ಲೆಕ್ಕಕ್ಕೆ?

‘ಅವ ಪರ್ಮನೆಂಟ್ ಅಲ್ರಿ.’

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಕುಳಿತು ಅರಣ್ಯ ಕಾವಲುಗಾರನ ಮುಪ್ಪಿನ ಮಾತು ತೆಗೆದರೂ ಅದು ಬಂದು ನಿಲ್ಲುವುದು ಇಲ್ಲಿಗೇ. ಕಚೇರಿಯ ಗುಮಾಸ್ತರು ಹೇಳುತ್ತಾರೆ. ಚಹಾದಂಗಡಿಯಲ್ಲಿ ಪೇಪರ್ ಓದುತ್ತ ಕುಳಿತ ನಿವೃತ್ತ ಮಾಸ್ತರರು ಹೇಳುತ್ತಾರೆ. ಹಳೆ ಪಿಂಚಣಿ ಬೇಕೆಂದು ಬೆಂಗಳೂರಿನವರೆಗೆ ಹೋಗಿ ಘೋಷಣೆ ಕೂಗಿ ಬಂದ ನೌಕರರೂ ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಈ ವರ್ಷ ಮಳೆ ಆಗಲಿಲ್ಲ ಎನ್ನುವ ಹಾಗೆ, ಯಾರ ಕೈಯಲ್ಲೂ ಇಲ್ಲದ ಸಂಗತಿ ಅದು ಎನ್ನುವ ಹಾಗೆ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ನನ್ನ ತಕರಾರು ಈ ನೆಮ್ಮದಿಯ ಮೇಲೆ. ಪರ್ಮನೆಂಟ್ ಆಗದಿರುವುದು ಮಳೆಯಲ್ಲ. ಅದನ್ನು ಕಾಗದದ ಮೇಲೆ ಬರೆದವರಿದ್ದಾರೆ, ಸಹಿ ಹಾಕಿದವರಿದ್ದಾರೆ, ಅದಕ್ಕೊಂದು ದಿನಾಂಕವಿದೆ.

ನಾನು ಕಂಡ ಒಬ್ಬ ವಾಚರ್ ಇದ್ದಾನೆ. ಅವನ ಹೆಸರು ಬೇಡ, ಊರೂ ಬೇಡ. ಮೀಸೆ ಮೂಡುವ ವಯಸ್ಸಿನಲ್ಲಿ ಗುಂಡಿ ತೋಡಿ ಸಸಿ ನೆಡಲು ದಿನಗೂಲಿಯ ಹಾಜರಿಪಟ್ಟಿಯಾದ ಮಸ್ಟರ್ ರೋಲ್ ಮೇಲೆ ಸೇರಿದವನು. ಸಸಿ ನೆಟ್ಟ ಮೇಲೆ ನೀರು ಹಾಕು ಎಂದರು, ಹಾಕಿದ. ದನ ಬಿಡಬೇಡ ಎಂದರು, ಕಾಯ್ದ. ಬರಬರುತ್ತ ರಾತ್ರಿ ಗಸ್ತು, ಬೇಸಿಗೆಯಲ್ಲಿ ಬೆಂಕಿ ರೇಖೆ, ಬೇಟೆಗಾರರ ಬಲೆ ಕಿತ್ತು ತರುವುದು, ಪಂಚನಾಮೆಗೆ ಸಹಿ ಮಾಡುವುದು, ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವುದು, ಎಲ್ಲ ಅವನ ಪಾಲಿಗೆ ಬಂತು. ಖಾಕಿ ತೊಟ್ಟವರು ಎಷ್ಟೋ ಮಂದಿ ಬಂದರು, ವರ್ಗವಾಗಿ ಹೋದರು. ಇವನು ಅಲ್ಲೇ ಉಳಿದ. ಒಂದು ದಿನ ನಾನು ಕೇಳಿದೆ, ನಿವೃತ್ತಿ ಹೇಗಾಯಿತು ಎಂದು.

‘ಅರವತ್ತಾತು, ನಾಳಿಂದ ಬರಬ್ಯಾಡ ಅಂದ್ರುರೀ. ಬ್ಯಾಟ್ರಿ, ಬಡಗಿ ಒಪ್ಪಿಸಿ ಮನಿಗೆ ಬಂದೆ.’

ಇಷ್ಟೇ. ಶಾಲಿಲ್ಲ, ಹಾರವಿಲ್ಲ, ಗ್ರೂಪ್ ಫೋಟೊ ಇಲ್ಲ. ಅವು ಹೋಗಲಿ. ಮರುತಿಂಗಳು ಮನೆಗೆ ಬರಬೇಕಾದ ಹಣವೇ ಇಲ್ಲ. ಅವನೀಗ ಕಾಯುತ್ತಿರುವುದು ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳಿಗೆ 1,200 ರೂಪಾಯಿಯನ್ನು. ಸರ್ಕಾರಕ್ಕಾಗಿ ಒಂದು ದಿನವೂ ದುಡಿಯದ ಬಡ ವೃದ್ಧರಿಗೂ ಅದು ಸಿಗುತ್ತದೆ, ಸಿಗಬೇಕು ಕೂಡ. ಆದರೆ ಮೂವತ್ತು ವರ್ಷದ ಗಸ್ತಿಗೆ ಸರ್ಕಾರದ ಪುಸ್ತಕದಲ್ಲಿ ಬೇರೆ ಬೆಲೆಯೇ ಇಲ್ಲವೆ?

ಅವನು ಕಾಯ್ದದ್ದು ಏನನ್ನು ಎಂದು ಕೇಳುವವರು ಒಮ್ಮೆ ಬೀಳಗಿಯಿಂದ ಮುಧೋಳದ ಕಡೆಗೆ ಹೊರಟು ಯಡಹಳ್ಳಿಯ ಗುಡ್ಡಗಳ ಹತ್ತಿರ ಇಳಿಯಬೇಕು. ಮಲೆನಾಡಿನ ಕಾಡು ನೋಡಿದ ಕಣ್ಣಿಗೆ ಇದು ಕಾಡೆಂದೇ ಕಾಣಲಿಕ್ಕಿಲ್ಲ. ಕುರುಚಲು, ಕಲ್ಲು, ಜಾಲಿ, ಒಣ ಹುಲ್ಲು. ಆ ಒಣ ಹುಲ್ಲಿನಲ್ಲೇ ಚಿಂಕಾರಾ ಇದೆ. ರಾಜಸ್ಥಾನದ ಮರಳುಗಾಡಿನಲ್ಲಿ ಕಾಣುವ ಈ ಪುಟ್ಟ ಹುಲ್ಲೆಯ ನೆಲೆ ದಕ್ಷಿಣಕ್ಕೆ ಹಬ್ಬಿ ನಮ್ಮ ಈ ಸೀಮೆಯನ್ನೂ ಮುಟ್ಟಿದೆ. ಜೊತೆಗೆ ತೋಳ, ಕತ್ತೆಕಿರುಬ, ನರಿ. 2016ರಲ್ಲಿ ಸುಮಾರು 96 ಚದರ ಕಿಲೋಮೀಟರನ್ನು ಚಿಂಕಾರಾ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ಜಿಲ್ಲೆಯ ಹೆಮ್ಮೆ ಎಂದು ನಾವೆಲ್ಲ ಬರೆದೆವು. ಘೋಷಣೆಯಾಗುವ ದಿನ ಅಲ್ಲಿ ಚಿಂಕಾರಾ ಉಳಿದಿತ್ತಲ್ಲ, ಅದು ಹೇಗೆ ಉಳಿಯಿತು? ಅಧಿಸೂಚನೆ ಬರುವುದಕ್ಕೆ ಹತ್ತಾರು ವರ್ಷ ಮೊದಲಿನಿಂದ ಆ ಗುಡ್ಡಗಳಲ್ಲಿ ನಾಯಿ ಬಿಟ್ಟು ಬೇಟೆಯಾಡುವವರನ್ನು ಅಟ್ಟಿದವರು, ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಸೊಪ್ಪು ಬಡಿದು ಬೆಂಕಿ ಆರಿಸಿದವರು ದಿನಗೂಲಿಯವರು. ವನ್ಯಧಾಮಕ್ಕೆ ಹೆಸರು ಬಂತು, ಫಲಕ ಬಂತು. ಅದನ್ನು ಉಳಿಸಿದವರಿಗೆ ಒಂದು ಹುದ್ದೆಯ ಹೆಸರೂ ಬರಲಿಲ್ಲ.

ಇನ್ನು ಕೃಷ್ಣೆಯ ದಂಡೆ. ಹೊಳೆ ಇಳಿದಾಗ, ಏರಿದಾಗ, ಮೊಸಳೆ ಕಬ್ಬಿನ ಹೊಲಕ್ಕೆ ಬರುತ್ತದೆ. ಊರವರು ಫೋನ್ ಮಾಡುತ್ತಾರೆ. ಹಗ್ಗ ಹಿಡಿದು ಮೊದಲು ಹತ್ತಿರ ಹೋಗುವವನ ಪದನಾಮ ಯಾವುದು, ಅವನು ಕಾಯಂ ನೌಕರನೋ ಹೊರಗುತ್ತಿಗೆಯವನೋ ಎಂದು ಮೊಸಳೆ ಕೇಳುವುದಿಲ್ಲ. ಕೇಳುವುದು ನಮ್ಮ ಖಜಾನೆ ಮಾತ್ರ.

ಈಗ ಕಾನೂನಿನ ಪುಸ್ತಕ ತೆರೆಯೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ ತಡೆದು ನಿಲ್ಲಿಸುವ, ಶೋಧಿಸುವ, ಜಪ್ತಿ ಮಾಡುವ, ಬಂಧಿಸುವ ಅಧಿಕಾರವನ್ನು ಯಾವುದೇ ಅರಣ್ಯಾಧಿಕಾರಿಗೆ ಕೊಡುತ್ತದೆ. ಗಸ್ತು ತಿರುಗುವ ಅರಣ್ಯ ರಕ್ಷಕನೂ ಆ ಮಾತಿನೊಳಗೆ ಬರುತ್ತಾನೆ. ಪೊಲೀಸರಲ್ಲಾದರೆ ಅದೇ ಅಧಿಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗೆ ಇಲ್ಲ. ಅಂದರೆ ಸಂಸತ್ತು ಕಾಡಿನ ಕಟ್ಟಕಡೆಯ ಸಮವಸ್ತ್ರದವನ ಮೇಲೆ ಇಟ್ಟ ಹೊಣೆ ಅಷ್ಟು ದೊಡ್ಡದು. ಆ ಹೊಣೆಯನ್ನು ನೆಲದ ಮೇಲೆ ನಡೆಸಿಕೊಡುವುದು ಅವನ ಬೆನ್ನಿಗಿರುವ ವಾಚರ್. ಕತ್ತಲಲ್ಲಿ ದಾರಿ ತೋರಿಸುವವನು ಅವನು, ಯಾರ ಬಂಡಿ ಯಾವ ಹಳ್ಳದಲ್ಲಿ ಇಳಿಯುತ್ತದೆಂದು ಬಲ್ಲವನು ಅವನು, ಮರುದಿನ ಸಂತೆಯಲ್ಲಿ ಅದೇ ಕಳ್ಳರ ಎದುರು ತಲೆ ಎತ್ತಿ ನಡೆಯಬೇಕಾದವನೂ ಅವನು. ವರ್ಗವಾಗಿ ಹೋಗುವ ಅನುಕೂಲ ಅವನಿಗಿಲ್ಲ. ಕೆಲಸ ಇಷ್ಟು ಅಪಾಯದ್ದಾಗಿದ್ದರೂ ಪಿಂಚಣಿಯ ಪ್ರಶ್ನೆ ಬಂದಾಗ ಕೆಲಸವನ್ನು ಯಾರೂ ನೋಡುವುದಿಲ್ಲ. ನೋಡುವುದು ಒಂದೇ: ಇವನು ಯಾವ ವರ್ಗ? ಯಾವ ದಿನಾಂಕ?

ಆ ದಿನಾಂಕಗಳ ಕಥೆ ಗೊತ್ತಿರದೆ ‘ಪರ್ಮನೆಂಟ್ ಅಲ್ರಿ’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರು ಸುಪ್ರೀಂ ಕೋರ್ಟಿಗೆ ಹೋದರು. 1990ರಲ್ಲಿ ತೀರ್ಪು ಬಂತು. 1984ರ ಜುಲೈ 1ಕ್ಕೆ ಮೊದಲು ಸೇರಿ ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಸಕ್ರಮಗೊಳಿಸುವ ವ್ಯವಸ್ಥೆಯಾಯಿತು. ಅಲ್ಲಿಗೆ ಪಾಠ ಕಲಿತು ಸರ್ಕಾರ ಬೇಕಾದ ಹುದ್ದೆಗಳನ್ನು ಸೃಷ್ಟಿಸಬೇಕಿತ್ತು. ಮಾಡಿದ್ದು ಬೇರೆ. ಅದೇ ಮಸ್ಟರ್ ರೋಲ್ ಮುಂದುವರಿಯಿತು, ಅದೇ ದಿನಗೂಲಿ, ಅದೇ ಬಾಯಿಮಾತಿನ ಭರವಸೆ.

ಆಮೇಲೆ ಬಂತು 2006ರ ಏಪ್ರಿಲ್. ಏಪ್ರಿಲ್ 1ರಿಂದ ರಾಜ್ಯದಲ್ಲಿ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲವಾಯಿತು, ವಂತಿಗೆಯ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಬಂತು. ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟು, ಹಿಂಬಾಗಿಲ ನೇಮಕಾತಿಯ ಸಕ್ರಮಕ್ಕೆ ತಡೆ ಹಾಕಿತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ಇಡೀ ದೇಶದ ದಿನಗೂಲಿಗಳ ಎದುರು ಅಂದಿನಿಂದ ಓದಿ ಹೇಳುವ ಹೆಸರು ಅದು. ಒಂದೇ ತಿಂಗಳು, ಹತ್ತು ದಿನದೊಳಗೆ ಎರಡು ಬಾಗಿಲು ಮುಚ್ಚಿದವು: ಕಾಯಂ ಆಗುವ ಬಾಗಿಲು, ಕಾಯಂ ಆದರೂ ಪೂರಾ ಪಿಂಚಣಿ ಸಿಗುವ ಬಾಗಿಲು. ಯಡಹಳ್ಳಿಯ ಗುಡ್ಡದಲ್ಲಿ ಆ ಹತ್ತು ದಿನವೂ ಗಸ್ತು ನಡೆದಿತ್ತು. ತಿರುಗುತ್ತಿದ್ದವನಿಗೆ ಎರಡೂ ಸುದ್ದಿ ಮುಟ್ಟಿರಲಿಲ್ಲ.

ಉಮಾದೇವಿ ತೀರ್ಪು ಒಂದು ಕಿಂಡಿಯನ್ನು ಬಿಟ್ಟಿತ್ತು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಸಕ್ರಮ ಮಾಡಿ ಎಂದಿತ್ತು. ಆ ಮಾತನ್ನು ಆಡಳಿತ ಎಷ್ಟು ಬೇಗ ಮರೆಯಿತು! ನಮ್ಮಲ್ಲಿ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿದರು. 60 ವರ್ಷದವರೆಗೆ ಕೆಲಸದ ಭದ್ರತೆ ಬಂತು, ಕೂಲಿಯ ಜಾಗದಲ್ಲಿ ವೇತನ ಶ್ರೇಣಿಯ ಕನಿಷ್ಠ ಬಂತು. ಆ ಕಾಯ್ದೆಯಿಂದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದ್ದು ನಿಜ. ಆದರೆ ಸರ್ಕಾರಿ ನೌಕರನಿಗಿರುವ ಪಿಂಚಣಿಯನ್ನು ಅದು ಕೊಡಲಿಲ್ಲ. 60 ವರ್ಷದವರೆಗೆ ನೀನು ನಮ್ಮವನು, ಮರುದಿನ ನೀನು ಯಾರೋ! ಕ್ಷೇಮದ ಹೆಸರಿನ ಕಾಯ್ದೆ ಮುಪ್ಪಿನ ಹೊಸಿಲಿನಲ್ಲಿ ಕೈ ಬಿಡುವುದಾದರೆ ಅದು ಯಾರ ಕ್ಷೇಮ?

ಆ ಕಾಯ್ದೆಯ ಪಟ್ಟಿಗೂ ಸೇರದೆ ಉಳಿದವರು, ಆಮೇಲೆ ಬಂದವರು ಹೊರಗುತ್ತಿಗೆಯ ಪಾಲಾದರು. ಇವರಿಗೆ ಪಿಎಫ್ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಪಿಎಫ್ ಜೊತೆಗೆ ಬರುವ ಪಿಂಚಣಿ ಯೋಜನೆಯಾದ ಇಪಿಎಸ್‌ನಲ್ಲಿ ಪಿಂಚಣಿಗೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಹನ್ನೆರಡು ವರ್ಷ ಒಂದೂ ತಿಂಗಳು ತಪ್ಪದೆ ವಂತಿಗೆ ಕಟ್ಟಿದವನಿಗೆ ತಿಂಗಳಿಗೆ 2,571 ರೂಪಾಯಿ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. ಟೆಂಡರ್ ಬದಲಾದಾಗೊಮ್ಮೆ ಏಜೆನ್ಸಿ ಬದಲಾಗುತ್ತದೆ, ಮಾಲೀಕನ ಹೆಸರು ಬದಲಾಗುತ್ತದೆ, ನಡುವಿನ ತಿಂಗಳುಗಳು ಕರಗುತ್ತವೆ. ಕಾಡು ಮಾತ್ರ ಅದೇ, ಕಾಯುವವನೂ ಅದೇ.

ಎನ್‌ಪಿಎಸ್ ಸೇರಿದವನ ಪಾಡೂ ಹೇಳುತ್ತೇನೆ. ಇಪ್ಪತ್ತು ವರ್ಷ ದಿನಗೂಲಿ ಮಾಡಿ ನಲವತ್ತೈದಕ್ಕೆ ಸಕ್ರಮಗೊಂಡವನಿಗೆ ಉಳಿಯುವುದು ಹದಿನೈದು ವರ್ಷ. ತನ್ನ ಪಾಲಿನ ಶೇ 10, ಸರ್ಕಾರದ ಶೇ 14 ಸೇರಿ ಕೊನೆಗೆ 15 ಲಕ್ಷ ಕೂಡಿತೆಂದೇ ಇಟ್ಟುಕೊಳ್ಳಿ. ಅದರ ಶೇ 40 ಅಂದರೆ 6 ಲಕ್ಷವನ್ನು ವರ್ಷಾಶನಕ್ಕೆ ಹಾಕಲೇಬೇಕು. ಶೇ 6ರ ದರದಲ್ಲಿ ತಿಂಗಳಿಗೆ ಬರುವುದು 3,000 ರೂಪಾಯಿ. ತುಟ್ಟಿಭತ್ಯೆ ಇಲ್ಲ. ಅರವತ್ತರಲ್ಲಿ 3,000, ಎಂಬತ್ತರಲ್ಲೂ 3,000. ಅವನ ಮೊದಲ ಇಪ್ಪತ್ತು ವರ್ಷ, ಮೈಯಲ್ಲಿ ಕಸುವಿದ್ದ ವರ್ಷಗಳು, ಈ ಲೆಕ್ಕದಲ್ಲಿ ಸೊನ್ನೆ.

ಇಲ್ಲಿ ನನ್ನ ಅತಿ ದೊಡ್ಡ ಆಪಾದನೆ ಇದೆ. ದಿನಾಂಕ ದಾಟಲು ಬರುವುದಿಲ್ಲ, ನಿಯಮ ನಿಯಮವೇ ಎಂದು ವಾಚರನಿಗೆ ಹೇಳಿದ ಸರ್ಕಾರವೇ 2024ರ ಜನವರಿಯಲ್ಲಿ ದಿನಾಂಕವನ್ನು ದಾಟಿತು. 2006ರ ಏಪ್ರಿಲ್‌ಗೆ ಮೊದಲು ನೇಮಕಾತಿ ಅಧಿಸೂಚನೆ ಹೊರಬಿದ್ದು, ಅದರ ನಂತರ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರಿಗೆ ಹಳೆ ಪಿಂಚಣಿಯ ದಾರಿ ತೆರೆಯಿತು. ಒಳ್ಳೆಯದೇ ಆಯಿತು. ಅವರಿಗೆ ಸಿಕ್ಕಿದ್ದನ್ನು ನಾನು ಕಿತ್ತುಕೊಳ್ಳಬಯಸುವುದಿಲ್ಲ. ಆದರೆ ಅದರ ಅರ್ಥವೇನು? ಕೆಲಸಕ್ಕೆ ಸೇರುವ ಮೊದಲಿನ ದಿನವೂ ಲೆಕ್ಕಕ್ಕೆ ಬರಬಲ್ಲುದು! ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ ಲೆಕ್ಕಕ್ಕೆ ಬಂತು. ಹಾಗಾದರೆ 2006ಕ್ಕೆ ಹತ್ತು ಹದಿನೈದು ವರ್ಷ ಮೊದಲಿನಿಂದ ಗುಡ್ಡ ಹತ್ತಿಳಿದವನ ದಿನಗಳು ಏಕೆ ಬರುವುದಿಲ್ಲ? ಪ್ರಕಟಣೆಯ ಕಾಗದಕ್ಕಿರುವ ತೂಕ ಬೆವರಿಗೆ ಇಲ್ಲವೆ?

‘ಗೊತ್ತಿದ್ದೇ ಸೇರಿದ್ದಲ್ಲವೆ?’ ಎನ್ನುತ್ತಾರೆ. ಯಾರಿಗೆ ಗೊತ್ತಿತ್ತು? ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ಸೀಮೆಯ ಹುಡುಗ, ಮಗ್ಗ ನಿಂತ ಮೇಲೆ ದುಡಿಮೆ ಹುಡುಕುತ್ತಿದ್ದ ಬನಹಟ್ಟಿಯ ಹುಡುಗ, ಇವರು ಷರತ್ತು ಓದಿ ಸಹಿ ಮಾಡುವ ಸ್ಥಿತಿಯಲ್ಲಿದ್ದರೆ? ಗೊತ್ತಿದ್ದದ್ದು ಸರ್ಕಾರಕ್ಕೆ. ಕಾಡು ಕಾಯಂ ಎಂದು ಗೊತ್ತಿತ್ತು. ಬೆಂಕಿ ಪ್ರತಿ ಬೇಸಿಗೆ ಬರುತ್ತದೆಂದು ಗೊತ್ತಿತ್ತು. ಬೇಟೆಗಾರ ಬಿಡುವುದಿಲ್ಲವೆಂದು ಗೊತ್ತಿತ್ತು. ಇಷ್ಟೆಲ್ಲ ಕಾಯಂ ಇರುವಾಗ ಕಾಯುವವನೊಬ್ಬ ತಾತ್ಕಾಲಿಕ ಹೇಗಾದ? ಜಗ್ಗೊ ಪ್ರಕರಣದಲ್ಲಿ 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಕ್ರಮ ನೇಮಕಾತಿ ತಡೆಯಲು ಬಂದ ಉಮಾದೇವಿ ತೀರ್ಪನ್ನು ದಶಕಗಟ್ಟಲೆ ದುಡಿದವರ ಹಕ್ಕಿನ ಮೇಲೆ ಆಯುಧವಾಗಿ ಬೀಸುವುದು ತಪ್ಪು ಎಂದಿತು. ಅದಕ್ಕೂ ಮೊದಲು, 2019ರಲ್ಲಿ, ಉತ್ತರ ಪ್ರದೇಶದ ಪ್ರೇಮ್ ಸಿಂಗ್ ಪ್ರಕರಣದಲ್ಲಿ ಕಾಮಗಾರಿಯ ಲೆಕ್ಕದಲ್ಲಿ ನೇಮಿಸಿಕೊಂಡವರ (ವರ್ಕ್ ಚಾರ್ಜ್) ಸೇವೆಯನ್ನೂ ಪಿಂಚಣಿಗೆ ಎಣಿಸಬೇಕೆಂದಿತ್ತು. ಹಕ್ಕು ನಿರಾಕರಿಸಲು ಇಪ್ಪತ್ತು ವರ್ಷ ಹಳೆಯ ತೀರ್ಪು ನೆನಪಿರುವ ಕಚೇರಿಗಳಿಗೆ ಹಕ್ಕು ಕೊಡುವ ಹೊಸ ತೀರ್ಪುಗಳು ಏಕೆ ತಲುಪಿಲ್ಲ?

ಖಜಾನೆಗೆ ಭಾರ ಎನ್ನುವ ಮಾತಿಗೆ ಬರೋಣ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಗಿ ಕನಿಷ್ಠ ಮೂಲವೇತನ 27,000 ರೂಪಾಯಿ, ಕನಿಷ್ಠ ಪಿಂಚಣಿ 13,500 ರೂಪಾಯಿ ಆಯಿತು. ಅದು ನ್ಯಾಯವೇ. 2025ರ ಮಾರ್ಚ್‌ನಲ್ಲಿ ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರಿತು. ಅದಕ್ಕೆ ಮೂವತ್ತು ವರ್ಷದ ಸೇವೆ ಬೇಕಿಲ್ಲ. ಆ ದಿನ ಖಜಾನೆಯ ಭಾರವನ್ನು ನೆನಪಿಸಿದವರು ಯಾರು? ಒಬ್ಬ ಮನುಷ್ಯ ಬದುಕಲು ಕನಿಷ್ಠ 13,500 ಬೇಕೆಂದು ಸರ್ಕಾರವೇ ಒಪ್ಪಿದೆ. ಹಾಗಿದ್ದ ಮೇಲೆ ವಾಚರನ ಹೊಟ್ಟೆ ಯಾವ ವರ್ಗದ್ದು?

ವರ್ಗೀಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸ ನೋಡಿ ವರ್ಗೀಕರಿಸಿ ಎನ್ನುತ್ತಿದ್ದೇನೆ. 2004ರ ಜನವರಿ 1ರಿಂದ ಹೊಸ ಪಿಂಚಣಿ ತಂದ ಕೇಂದ್ರ ಸರ್ಕಾರ ಸೇನಾಪಡೆಗಳನ್ನು ಅದರ ಹೊರಗಿಟ್ಟಿತು. ಕಾರಣ ಕೆಲಸದ ಸ್ವರೂಪ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಕಾಯ್ದೆ ಜಾರಿ ಅಧಿಕಾರಿಗಳೆಂಬ ನಿವೃತ್ತಿ ವರ್ಗವೇ ಬೇರೆ ಇದೆ. ಅದರಲ್ಲಿ ಸೇರಿದವರು, ಕಾಡು ಕಾಯುವವರೂ ಸೇರಿ, ಇಪ್ಪತ್ತು ವರ್ಷ ದುಡಿದರೆ ಐವತ್ತಕ್ಕೇ ಪಿಂಚಣಿಯೊಂದಿಗೆ ಮನೆಗೆ ಹೋಗಬಹುದು. ನಮ್ಮಲ್ಲಿ ಐವತ್ತೆಂಟು ವರ್ಷದವನು ನಲವತ್ತು ಡಿಗ್ರಿ ಬಿಸಿಲಲ್ಲಿ ಬೀಳಗಿಯ ಕಲ್ಲುಗುಡ್ಡ ಹತ್ತಬೇಕು, ಕೋಣೆಯಲ್ಲಿ ಫೈಲು ಹೊರುವವನಷ್ಟೇ ವರ್ಷ, ಅವನಿಗಿಂತ ಕಡಿಮೆ ಭರವಸೆಯಲ್ಲಿ. ಸುಪ್ರೀಂ ಕೋರ್ಟಿನ 1982ರ ಡಿಸೆಂಬರ್ 17ರ ನಕಾರಾ ತೀರ್ಪಿನ ಹೆಸರಲ್ಲಿ ನಮ್ಮ ಪಿಂಚಣಿದಾರರು ಪ್ರತಿ ವರ್ಷ ದಿನಾಚರಣೆ ಮಾಡುತ್ತಾರೆ. ಪಿಂಚಣಿ ದಯೆಯಲ್ಲ, ದುಡಿದದ್ದಕ್ಕೆ ಸಲ್ಲುವ ಹಕ್ಕು, ಒಂದೇ ಬಗೆಯವರನ್ನು ಬರಿಯ ದಿನಾಂಕದಿಂದ ಸೀಳುವುದು ಸಮಾನತೆಗೆ ವಿರುದ್ಧ ಎಂಬುದೇ ಆ ತೀರ್ಪಿನ ತಿರುಳು. ಆಚರಣೆಯ ಪೆಂಡಾಲಿನ ಹೊರಗೆ ನಿಂತ ವಾಚರನಿಗೆ ಆ ತಿರುಳು ಸಲ್ಲುವುದಿಲ್ಲವೆ?

ಸಂಘಟಿತ ನೌಕರ ಮಿತ್ರರೇ, ಈ ಮಾತು ನಿಮಗೂ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತಿರಿ, 2023ರ ಮಾರ್ಚ್ 1ರಂದು ರಾಜ್ಯದ ಕಚೇರಿಗಳನ್ನು ನಿಲ್ಲಿಸಿದಿರಿ. ಎನ್‌ಪಿಎಸ್ ತೊಲಗಲಿ ಎಂಬ ನಿಮ್ಮ ಕೂಗಿಗೆ ನನ್ನ ಬೆಂಬಲವಿದೆ. ಆದರೆ ನಿಮ್ಮ ಬೇಡಿಕೆಗಳ ಸಾಲಿನಲ್ಲಿ ಎನ್‌ಪಿಎಸ್ಸೂ ಇಲ್ಲದವನು ಎಲ್ಲಿದ್ದ? ನಿಮ್ಮದೇ ಕಚೇರಿಯ ಅಂಗಳದಲ್ಲಿ ಜೀಪು ಒರೆಸುತ್ತ ನಿಂತಿದ್ದ. ಅವನನ್ನು ಬಿಟ್ಟು ಗೆಲ್ಲುವ ಪಿಂಚಣಿ ಹೋರಾಟ ಅರ್ಧ ಗೆಲುವು.

ಇದೇ ಸಾಲಿನಲ್ಲಿ ಗ್ರಾಮ ಸಹಾಯಕರೂ ನಿಂತಿದ್ದಾರೆ, ನಮ್ಮ ಭಾಷೆಯ ವಾಲೀಕಾರರು. 1963ರ ಫೆಬ್ರವರಿ 1ರಂದು ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಯಿತು, ವಾಲೀಕಾರಿಕೆಯ ಕೆಲಸ ರದ್ದಾಗಲಿಲ್ಲ. ಘಟಪ್ರಭೆ, ಕೃಷ್ಣೆಯ ದಂಡೆಯಲ್ಲಿ ರಾತ್ರಿ ಮರಳು ಟ್ರ್ಯಾಕ್ಟರ್ ತಡೆಯಲು ತಹಶೀಲ್ದಾರರ ಜೀಪಿನಲ್ಲಿ ಹೋಗುವವರು ಅವರು. 2019ರ ಆಗಸ್ಟ್ ಪ್ರವಾಹದಲ್ಲಿ ಮುಧೋಳ, ಜಮಖಂಡಿ ಸೀಮೆಯ ಹಳ್ಳಿಗಳಲ್ಲಿ ಮನೆಮನೆ ಬಾಗಿಲು ತಟ್ಟಿ ಎಬ್ಬಿಸಿದವರು ಅವರು. ಸಿಗುವುದಕ್ಕೆ ಗೌರವಧನವೆಂದು ಹೆಸರು. ಡಿ ಗ್ರೂಪ್ ನೌಕರರೆಂದು ಪರಿಗಣಿಸಿ ಎಂದು ಕೇಳುತ್ತ ಅವರಲ್ಲೊಂದು ತಲೆಮಾರು ಮುದಿಯಾಗಿದೆ.

ಪ್ರತಿ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ತಬ್ಬಿ ಪ್ರಾಣ ಕೊಟ್ಟ 363 ಬಿಷ್ಣೋಯಿಗಳನ್ನು ನೆನೆಯುತ್ತೇವೆ, 1991ರಲ್ಲಿ ಕಾಡುಗಳ್ಳ ವೀರಪ್ಪನ್ ಕೈಯಲ್ಲಿ ಸತ್ತ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಸಾಯದೆ ಉಳಿದು ಮುದುಕನಾದದ್ದು ಕಾವಲುಗಾರನ ತಪ್ಪೆ? ಸತ್ತರೆ ಪುಷ್ಪಗುಚ್ಛ, ಬದುಕಿದರೆ ಬರಿಗೈ ಎಂಬ ವ್ಯವಸ್ಥೆಯನ್ನು ನಾವು ಇನ್ನೆಷ್ಟು ವರ್ಷ ಸಹಜವೆಂದು ಒಪ್ಪುತ್ತೇವೆ?

ಆಗಬೇಕಾದದ್ದು ಸ್ಪಷ್ಟವಿದೆ. ಕಾಡು, ಹೊಳೆ, ಮರಳು, ಸರ್ಕಾರಿ ನೆಲ ಕಾಯುವ ಕ್ಷೇತ್ರ ಸಿಬ್ಬಂದಿಯನ್ನು, ನೇಮಕದ ಬಗೆ ಯಾವುದೇ ಇರಲಿ, ಅಪಾಯದ ಸೇವೆ ಎಂಬ ಒಂದೇ ನಿವೃತ್ತಿ ವರ್ಗಕ್ಕೆ ತರಬೇಕು. ಮೊದಲ ದಿನದ ಹಾಜರಿಯಿಂದ ಸೇವೆ ಎಣಿಸಬೇಕು. ಕನಿಷ್ಠ ಪಿಂಚಣಿಯೆಂದು ಸರ್ಕಾರ ಬೇರೆಯವರಿಗೆ ಒಪ್ಪಿಕೊಂಡ ಮೊತ್ತಕ್ಕಿಂತ ಒಂದು ರೂಪಾಯಿ ಕಡಿಮೆಯಾಗದ ನಿಶ್ಚಿತ ಪಿಂಚಣಿ ಕೊಡಬೇಕು, ತುಟ್ಟಿಭತ್ಯೆ ಸಹಿತ. ಕಾವಲುಗಾರನ ನಂತರ ಅವನ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕು. ಕಾಡಿನ ಕಾವಲಿಗೆ ಏಜೆನ್ಸಿ ಟೆಂಡರ್ ಕರೆಯುವುದು ನಿಲ್ಲಬೇಕು. ಈ ನಾಲ್ಕು ತಾಲ್ಲೂಕುಗಳ ಶಾಸಕರು ಬರುವ ಅಧಿವೇಶನದಲ್ಲಿ ಇದನ್ನು ಎತ್ತಬೇಕು, ಎತ್ತದಿದ್ದರೆ ನಾವು ಅವರನ್ನು ಕೇಳಬೇಕು.

ದಾಖಲೆ ಎಲ್ಲಿದೆ ಎಂದು ಕೇಳುತ್ತಾರೆ. ದಾಖಲೆ ಇದೆ. ಹೆಬ್ಬೆಟ್ಟು ಒತ್ತಿದ, ಅಂಕುಡೊಂಕು ಸಹಿ ಮಾಡಿದ ಹಳೆಯ ಮಸ್ಟರ್ ರೋಲ್‌ಗಳು ಕಚೇರಿಗಳ ಕಪಾಟುಗಳಲ್ಲಿ ಗಂಟು ಕಟ್ಟಿ ಬಿದ್ದಿವೆ. ಗೆದ್ದಲು ಹತ್ತುವ ಮೊದಲು, ಹೆಬ್ಬೆಟ್ಟು ಒತ್ತಿದವರು ಕಣ್ಮುಚ್ಚುವ ಮೊದಲು, ಅವನ್ನು ತೆಗೆದು ಎಣಿಸಿ.